ಯಾರ ರಕ್ತವೋ ಏನೋ!

ಮದುವೆ ಮನೆಯ ಊಟದ ಪಂಕ್ತಿ. ಎರಡನೇ ಸಲ ಅನ್ನ ಬಡಿಸುತ್ತಿದ್ದರು. ಎದುರು ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಸಾರಿಗೆ ಅನ್ನದಲ್ಲಿ ಗುಂಡಿ ಮಾಡಿಕೊಳ್ಳುತ್ತಾ ಪಕ್ಕದವರಿಗೆ ಹೇಳಿದರು: "ಏನೇ ಹೇಳ್ರಿ, ಹೊಟ್ಟೇಲಿ ಹುಟ್ಟಿದ್ದೇ ಬೇರೆ, ತಂದಿದ್ದೇ ಬೇರೆ. ಯಾರ ರಕ್ತವೋ ಏನೋ!"

ಪಿಸುಮಾತಿನಲ್ಲಿ ಹೇಳಿದ್ದಲ್ಲ. ಅವರಿಂದ ನಾಲ್ಕು ಎಲೆ ಆಚೆ ನನ್ನ ತಂಗಿಯ ಮಗಳು ಕೂತಿದ್ದಳು. ಹದಿನೈದು ವರ್ಷದ ಹುಡುಗಿ. ತಾನು 'ತಂದ' ಮಗು ಎಂಬುದು ಅವಳಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಅವಳು ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎಲೆ ಮಡಿಸಿ ಎದ್ದಳು. ಕೈ ತೊಳೆದು ಬಂದು ನೇರ ನನ್ನ ಹತ್ತಿರ ನಿಂತು ಕೇಳಿದಳು: "ದೊಡ್ಡಮ್ಮ, ನಿಮಗೆ ಗೊತ್ತಿತ್ತಾ?"

ಇದು 2019ರ ಮಾತು. ಆ ಪ್ರಶ್ನೆಗೆ ಆವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇವತ್ತು ಕೊಡಲು ಹೊರಟಿದ್ದೇನೆ. ಅದಕ್ಕಾಗಿ ನಾನು ತರಗತಿಯಲ್ಲಿ ಮಾಡುವ ಒಂದು ಪಾಠದಿಂದ ಶುರುಮಾಡಬೇಕು.

ನಾನು ಸಮಾಜ ವಿಜ್ಞಾನದ ಮೇಷ್ಟ್ರಮ್ಮ. ಇಷ್ಟು ವರ್ಷಗಳಲ್ಲಿ 1971ರ ಯುದ್ಧವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಡಿಸೆಂಬರ್ 3ಕ್ಕೆ ಶುರು, 16ಕ್ಕೆ ಮುಕ್ತಾಯ. ಢಾಕಾದಲ್ಲಿ ಶರಣಾಗತಿ. ಸುಮಾರು 93,000 ಸೆರೆಯಾಳುಗಳು. ಬಾಂಗ್ಲಾದೇಶದ ಉದಯ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ನಾನು ಅಂಕ ಕೊಡುತ್ತೇನೆ. ನಾನು ಹುಟ್ಟಿದ್ದೂ ಅದೇ 1971ರಲ್ಲಿ. ಯುದ್ಧದ ವರ್ಷ ಹುಟ್ಟಿದವಳು ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಯುದ್ಧದಿಂದಲೇ ಹುಟ್ಟಿದ, ನನ್ನದೇ ವಾರಿಗೆಯ ಮಕ್ಕಳು ಇನ್ನೊಂದು ಕಡೆ ಇದ್ದಾರೆ ಎಂಬುದು ನನಗೆ ಬಹಳ ವರ್ಷ ತಿಳಿಯಲೇ ಇಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿದ್ದೆ. ಅಲ್ಲಿ ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಪುನರ್ವಸತಿ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ನೆಲೆ ಕೊಟ್ಟಿತ್ತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ನನ್ನ ತರಗತಿಯಲ್ಲಿದ್ದರು. ಒಮ್ಮೆ ಒಬ್ಬ ಹುಡುಗಿಯ ಮನೆಗೆ ಹೋದಾಗ ಅವಳ ಅಜ್ಜಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಆಚೆಯೇ ಉಳಿದುಹೋದ ತಮ್ಮ ಅಕ್ಕನ ಮಗಳ ಸುದ್ದಿ ತೆಗೆದರು. ಸೈನಿಕರು ಅವಳನ್ನು ಎಳೆದುಕೊಂಡು ಹೋಗಿದ್ದರಂತೆ. ಯುದ್ಧ ಮುಗಿದ ಮೇಲೆ ತಿರುಗಿ ಬಂದಳಂತೆ, ಬಸುರಿಯಾಗಿ. "ಆಮೇಲೆ?" ಎಂದೆ. "ಮನೆಯವರು ಒಳಗೆ ಕರೆಯಲಿಲ್ಲ." "ಮಗು?" ಅಜ್ಜಿ ಕೈ ತಿರುವಿ ತೋರಿಸಿದರು. ಗೊತ್ತಿಲ್ಲ ಎಂದೋ, ಕೇಳಬೇಡ ಎಂದೋ. ಅಲ್ಲಿಂದ ಮೇಲೆ ನಾನು ಈ ವಿಷಯವನ್ನು ಸಿಕ್ಕಲ್ಲಿ ಓದುತ್ತಾ ಬಂದಿದ್ದೇನೆ.

ಓದಿ ತಿಳಿದದ್ದು ಇಷ್ಟು. 1971ರ ಮಾರ್ಚ್ 25ರ ರಾತ್ರಿಯಿಂದ ಡಿಸೆಂಬರ್‌ವರೆಗೆ ಪಾಕಿಸ್ತಾನದ ಸೈನ್ಯವೂ ಅದರ ಜೊತೆ ನಿಂತವರೂ ಲಕ್ಷಾಂತರ ಹೆಂಗಸರನ್ನು ಹಾಳುಮಾಡಿದರು. ಬಾಂಗ್ಲಾ ಸರ್ಕಾರ ಎರಡು ಲಕ್ಷ ಎಂದು ಹೇಳಿತು. ಸಂಖ್ಯೆಯ ಬಗ್ಗೆ ವಿದ್ವಾಂಸರು ಜಗಳವಾಡಲಿ. ಯುದ್ಧ ಮುಗಿದ ಕೂಡಲೇ ಆ ಹೆಂಗಸರಿಗೆ 'ವೀರಾಂಗನೆ'ಯರೆಂಬ ಬಿರುದು ಬಂತು. ಎಷ್ಟು ದೊಡ್ಡ ಮಾತು! ಆದರೆ ಬಿರುದು ಹೊತ್ತವಳಿಗೆ ಗಂಡನ ಮನೆ ಬಾಗಿಲು ತೆಗೆಯಲಿಲ್ಲ, ತವರುಮನೆಯೂ ತೆಗೆಯಲಿಲ್ಲ. ಬಿರುದೇ ಅವಳ ಹಣೆಯ ಮೇಲಿನ ಬರೆಯಾಯಿತು.

1972ರಲ್ಲಿ ಕೂಸುಗಳು ಹುಟ್ಟತೊಡಗಿದವು. ಅವಕ್ಕೆ ಬಂಗಾಳಿಯಲ್ಲಿ 'ಯುದ್ಧಶಿಶು' ಎಂಬ ಹೆಸರು. ಸರ್ಕಾರ ಪುನರ್ವಸತಿ ಮಂಡಳಿ ಮಾಡಿತು, ಗರ್ಭಪಾತಕ್ಕೆ ಅವಕಾಶ ಕೊಟ್ಟಿತು, ಹೊರದೇಶದ ವೈದ್ಯರು ಬಂದರು. ತಿಂಗಳು ಮೀರಿ ಹೆತ್ತವರ ಕೂಸುಗಳನ್ನು ಮದರ್ ತೆರೇಸಾ ಅವರ ಸಂಸ್ಥೆಯ ಸೋದರಿಯರು ಢಾಕಾದ ತಮ್ಮ ಮನೆಯಲ್ಲಿ ಇರಿಸಿಕೊಂಡರು. ಈ ಕೂಸುಗಳ ಗತಿಯೇನು ಎಂಬ ಪ್ರಶ್ನೆ ಎದ್ದಾಗ ದೇಶದ ದೊಡ್ಡವರ ಬಾಯಲ್ಲೇ 'ಕೆಟ್ಟ ರಕ್ತ' ಎಂಬ ಮಾತು ಬಂತು. ಹೆಂಗಸರ ಪುನರ್ವಸತಿಗೆ ದುಡಿದ ನೀಲಿಮಾ ಇಬ್ರಾಹಿಂ ಅದನ್ನು ಬರೆದಿಟ್ಟಿದ್ದಾರೆ. ಶತ್ರುವಿನ ರಕ್ತ ನಮ್ಮ ನೆಲದಲ್ಲಿ ಬೇಡ, ಹೊರಗೆ ಕಳಿಸಿ. ಇಷ್ಟೇ ಅದರ ತಾತ್ಪರ್ಯ. 1972ರಲ್ಲೇ ಒಂದು ವಿಶೇಷ ಆದೇಶ ಹೊರಟು, ಹೊರದೇಶದವರು ಈ ಮಕ್ಕಳನ್ನು ದತ್ತು ಪಡೆಯಲು ದಾರಿಯಾಯಿತು.

ಅದೇ ವರ್ಷ ಜುಲೈನಲ್ಲಿ 15 ಕೂಸುಗಳು ಕೆನಡಾಕ್ಕೆ ಹೋದವು. ಮಾಂಟ್ರಿಯಲ್‌ನ 'ಫ್ಯಾಮಿಲೀಸ್ ಫಾರ್ ಚಿಲ್ಡ್ರನ್' ಎಂಬ ಸಂಸ್ಥೆಯವರು ಈ ಕೆಲಸಕ್ಕೆ ನಿಂತವರು. ಅವರಲ್ಲಿ ಫ್ರೆಡ್ ಮತ್ತು ಬಾನಿ ಕಪೂಚಿನೊ ದಂಪತಿ ತಾವೇ ಢಾಕಾಕ್ಕೆ ಹೋಗಿ ಕೂಸುಗಳನ್ನು ಕರೆತಂದರು. ಕರೆದುಕೊಂಡವರು ಯಾರು? ರಾಜರಲ್ಲ, ಸಾಹುಕಾರರಲ್ಲ. ಅನೇಕರ ಮನೆಯಲ್ಲಿ ಆಗಲೇ ಸ್ವಂತ ಮಕ್ಕಳಿದ್ದರು. ಹೆತ್ತ ಮಕ್ಕಳಿಲ್ಲದ್ದಕ್ಕೆ ತಂದುಕೊಂಡದ್ದಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಈ ಮಕ್ಕಳ ಬದುಕನ್ನು ಹಿಂಬಾಲಿಸಿ ಮುಸ್ತಫಾ ಚೌಧುರಿ ಎಂಬ ಸಂಶೋಧಕರು ಪುಸ್ತಕವನ್ನೇ ಬರೆದಿದ್ದಾರೆ. ಆ ತಂದೆತಾಯಿಗಳು ಮಕ್ಕಳಿಂದ ಹುಟ್ಟಿನ ಸಂಗತಿಯನ್ನು ಮುಚ್ಚಿಡಲಿಲ್ಲ. ಬೆಳೆದ ಮೇಲೆ ಕೆಲವರು ಹುಟ್ಟಿದ ನಾಡನ್ನು ನೋಡಿ ಬಂದರು. ಎಲ್ಲರಿಗೂ ಹೋಗಬೇಕೆನಿಸಲಿಲ್ಲ. ಎರಡೂ ಸರಿಯೇ.

ಇಲ್ಲಿಗೆ ಬಂದಾಗ ನನ್ನ ಸಹೋದ್ಯೋಗಿಗಳು ಸಾಮಾನ್ಯವಾಗಿ ಹೇಳುವುದು: "ಎಂಥ ಪುಣ್ಯವಂತ ಮಕ್ಕಳು ನೋಡಿ! ಎಲ್ಲೋ ಹುಟ್ಟಿ ಎಲ್ಲೋ ಸೇರಿದವು." ಈ ಪುಣ್ಯದ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಏಳೂವರೆ ಕೋಟಿ ಜನರ ಒಂದು ನಾಡು, ಆಗ ತಾನೇ ಸ್ವಾತಂತ್ರ್ಯ ಪಡೆದು ಹಾಡುತ್ತಿರುವ ನಾಡು. ಅಲ್ಲಿ ಹದಿನೈದು ತೊಟ್ಟಿಲಿಗೆ ಜಾಗವಿರಲಿಲ್ಲವೇ? ಬಡತನವೆನ್ನುತ್ತೀರಾ? ಬಡವರ ಮನೆಯಲ್ಲಿ ಹತ್ತು ಮಕ್ಕಳ ಜೊತೆ ಹನ್ನೊಂದನೆಯದು ಬೆಳೆಯುವುದಿಲ್ಲವೇ? ಅಡ್ಡ ಬಂದದ್ದು ಬಡತನವೊಂದೇ ಅಲ್ಲ. ಮಾನ. ಹೆಣ್ಣಿನ ಮೈಮೇಲೆ ಗಂಡಸರು ನಡೆಸಿದ ಯುದ್ಧದ ಗುರುತು ಅಂಬೆಗಾಲಿಟ್ಟು ಅಂಗಳದಲ್ಲಿ ಓಡಾಡುವುದು ಬೇಡವಾಗಿತ್ತು. ಅನಾಥ ಎಂದರೆ ತಂದೆತಾಯಿ ಸತ್ತ ಮಗು ಎಂದು ನಾವು ತಿಳಿದಿದ್ದೇವೆ. ಈ ಮಕ್ಕಳಲ್ಲಿ ಎಷ್ಟೋ ಮಂದಿಯ ತಾಯಂದಿರು ಬದುಕಿದ್ದರು. ಅವರನ್ನು ಅನಾಥರನ್ನಾಗಿ ಮಾಡಿದ್ದು ಸಾವಲ್ಲ, ನೆಂಟರು.

ಪಕ್ಕದ ಮನೆಯವರನ್ನು ಬೈಯುವುದು ಸುಲಭ. ನಾವೇನು ಮಾಡಿದೆವು? 1947ರಲ್ಲಿ ದೇಶ ಒಡೆದಾಗ ಎರಡೂ ಕಡೆ ಹೆಂಗಸರ ಅಪಹರಣವಾಯಿತು. ಅವರನ್ನು ಹುಡುಕಿ ವಾಪಸು ಕಳಿಸಲು ನಮ್ಮ ಸಂವಿಧಾನ ರಚನಾ ಸಭೆಯೇ 1949ರಲ್ಲಿ ಕಾಯಿದೆ ಮಾಡಿತು. ಅಪಹೃತ ವ್ಯಕ್ತಿ ಯಾರು ಎಂದು ಅದರಲ್ಲಿ ವಿವರಣೆಯಿದೆ: ಹದಿನಾರರೊಳಗಿನ ಗಂಡುಮಗು, ಮತ್ತು ಹೆಣ್ಣಾದರೆ ಯಾವ ವಯಸ್ಸಿನವಳಾದರೂ ಸರಿ. ಅಂದರೆ ನಲವತ್ತರ ಹೆಂಗಸಿಗೂ "ನಾನು ಇಲ್ಲೇ ಇರುತ್ತೇನೆ" ಎಂದು ಹೇಳುವ ಹಕ್ಕಿಲ್ಲ! ಅವಳಿಗೆ ಇಲ್ಲಿ ಹುಟ್ಟಿದ ಮಗುವನ್ನೂ ಅದೇ ವಿವರಣೆಯೊಳಗೆ ಸೇರಿಸಿದರು. ಆದರೂ ತವರಿಗೆ ಹೋಗಬೇಕಾದ ಎಷ್ಟೋ ತಾಯಂದಿರು ಕೂಸನ್ನು ಬಿಟ್ಟು ಹೋದರು. ಕೂಸಿನೊಂದಿಗೆ ಹೋದರೆ ತವರು ಒಪ್ಪುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹೆಣ್ಣನ್ನು ಶುದ್ಧಿ ಮಾಡಿಕೊಳ್ಳಬಹುದು, ಕೂಸನ್ನು ಶುದ್ಧಿ ಮಾಡಲಾಗದು ಎಂಬ ಲೆಕ್ಕ. ಹಿಂದೂ ಮನೆಗೂ ಮುಸಲ್ಮಾನರ ಮನೆಗೂ ಆ ಲೆಕ್ಕದಲ್ಲಿ ವ್ಯತ್ಯಾಸವಿರಲಿಲ್ಲ.

ಯಶೋದೆಯ ಹಾಡಿಗೆ ತಲೆದೂಗುವವರು ನಾವು. ತೊಟ್ಟಿಲು ತೂಗುವಾಗ ಕೃಷ್ಣನ ಹೆಸರು, ಹಸೆಗೆ ಕರೆಯುವಾಗ ಕೃಷ್ಣನ ಹೆಸರು. ಕರ್ಣನನ್ನು ಸಾಕಿದ ರಾಧೆಯ ಕಥೆ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಹಾಗಿದ್ದೂ ಸಾಕುಮಗು ಎಂದರೆ ಮೂಗು ಮುರಿಯುವುದೇಕೆ? ನನಗೆ ಅನಿಸುವುದು ಹೀಗೆ. ಆ ಕಥೆಗಳು ನಮಗೆ ಸಿಹಿಯಾಗಿರುವುದೇ ಮಗು ಕೊನೆಗೆ ರಾಜನ ರಕ್ತವೆಂದು ತೇಲುವುದರಿಂದ. ಬುಟ್ಟಿಯಲ್ಲಿ ತೇಲಿ ಬಂದವನು ಸೂರ್ಯನ ಮಗ, ಗೋಕುಲದಲ್ಲಿ ಬೆಳೆದವನು ವಸುದೇವನ ಮಗ. ಬುಟ್ಟಿಯಲ್ಲಿದ್ದದ್ದು ಯಾವನೋ ಸೈನಿಕನ ಮಗುವಾಗಿದ್ದರೆ, ಯಾವಳೋ ಕೂಲಿ ಹೆಂಗಸಿನ ಮಗುವಾಗಿದ್ದರೆ ನಾವು ಹಾಡು ಕಟ್ಟುತ್ತಿದ್ದೆವೇ? ಎದೆ ಮುಟ್ಟಿಕೊಂಡು ಹೇಳಿ.

ಈಗ ನೀವು ಕೇಳಬಹುದು: "ಹಾಗಾದರೆ ಹೊರದೇಶದವರಿಗೆ ಮಕ್ಕಳನ್ನು ಕೊಟ್ಟುಬಿಡುವುದೇ ಒಳ್ಳೆಯದು ಅನ್ನುತ್ತೀರಾ?" ಖಂಡಿತ ಅಲ್ಲ. ಕೊರಿಯಾದ ಕಥೆ ಕೇಳಿ. ಅಲ್ಲಿಯ ಯುದ್ಧ 1953ರಲ್ಲಿ ನಿಂತಿತು. 1955ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಹ್ಯಾರಿ ಮತ್ತು ಬರ್ತಾ ಹೋಲ್ಟ್ ದಂಪತಿ ಎಂಟು ಮಕ್ಕಳನ್ನು ಮನೆಗೆ ಕರೆದುಕೊಂಡರು. ಶುರುವಿನಲ್ಲಿ ಹೀಗೆ ಹೋದವರಲ್ಲಿ ಅಮೆರಿಕನ್ ಸಿಪಾಯಿಗಳಿಗೂ ಕೊರಿಯದ ಹೆಂಗಸರಿಗೂ ಹುಟ್ಟಿದ ಮಕ್ಕಳು ಬಹಳ. ಅಲ್ಲೂ ಅದೇ ರಕ್ತದ ಮಾತು, ಅದೇ ಬೇಡವಾದ ಕೂಸು. ಅಲ್ಲಿಗೇ ನಿಂತಿದ್ದರೆ ಒಂದು ಮಾತು. ಯುದ್ಧ ಮುಗಿದು ದಶಕಗಳಾದರೂ ಮಕ್ಕಳು ಹೋಗುತ್ತಲೇ ಇದ್ದರು. ಒಟ್ಟು ಒಂದೂವರೆ ಲಕ್ಷದ ಮೇಲೆ! ಬಡವರ ಮಕ್ಕಳು, ಮದುವೆಯಾಗದ ತಾಯಂದಿರ ಮಕ್ಕಳು. 2025ರ ಮಾರ್ಚ್‌ನಲ್ಲಿ ಆ ದೇಶದ್ದೇ ಸತ್ಯಶೋಧನಾ ಆಯೋಗ ತನಿಖೆ ಮಾಡಿ ಹೇಳಿತು: ತಂದೆತಾಯಿ ಇದ್ದ ಮಕ್ಕಳನ್ನೂ ಅನಾಥರೆಂದು ಬರೆದಿದ್ದಾರೆ, ದಾಖಲೆಗಳನ್ನು ತಿದ್ದಿದ್ದಾರೆ, ಒಬ್ಬರ ಬದಲು ಇನ್ನೊಬ್ಬರನ್ನು ಕಳಿಸಿದ್ದೂ ಇದೆ, ಇದಕ್ಕೆ ಸರ್ಕಾರವೇ ಹೊಣೆ. ಐವತ್ತರ, ಅರವತ್ತರ ವಯಸ್ಸಿನ ಹೆಂಗಸರು ಗಂಡಸರು ಇವತ್ತು ಕಡತ ಹಿಡಿದು ಸೋಲ್‌ನ ಕಚೇರಿಗಳಲ್ಲಿ ಅಮ್ಮನ ಹೆಸರು ಹುಡುಕುತ್ತಿದ್ದಾರೆ. ಬಾಂಗ್ಲಾದೇಶವೂ ಮಕ್ಕಳ ಮಾರಾಟದ ಭಯದಿಂದ ತನ್ನ ಆ ಆದೇಶವನ್ನು 1982ರಲ್ಲಿ ರದ್ದುಮಾಡಿತು.

ಈ ಎರಡು ತಪ್ಪುಗಳ ಬೇರು ಒಂದೇ ಎನ್ನುವುದು ನನ್ನ ವಾದ. ಒಬ್ಬರು ರಕ್ತದ ಹೆಸರಿನಲ್ಲಿ ಮಗುವನ್ನು ಬಾಗಿಲಾಚೆ ಇಡುತ್ತಾರೆ. ಇನ್ನೊಬ್ಬರು ಕರುಣೆಯ ಹೆಸರಿನಲ್ಲಿ ಮಗುವಿನ ಹಿಂದಿನ ಹೆಸರನ್ನು ಅಳಿಸುತ್ತಾರೆ. ಇಬ್ಬರೂ ಮಗುವನ್ನು ಕೇಳುವುದಿಲ್ಲ, ಹೆತ್ತವಳನ್ನು ಕೇಳುವುದಿಲ್ಲ. ಹೊಸ ಮನೆ ಸಿಗಬೇಕಾದರೆ ಹಳೆಯ ಮನೆ ಸುಳ್ಳಾಗಬೇಕು ಎಂದು ಯಾರು ಹೇಳಿದರು? ಮಗು ಮರದಂತೆ. ಸಸಿಯನ್ನು ಕಿತ್ತು ಬೇರೆ ಕಡೆ ನೆಡುವಾಗ ಬೇರಿಗಂಟಿದ ಹಿಡಿ ಮಣ್ಣಿನ ಸಮೇತ ನೆಡಬೇಕು ಎಂಬುದು ಮನೆಯ ಹಿಂದೆ ಮಲ್ಲಿಗೆ ಬೆಳೆಸುವ ಹೆಂಗಸರಿಗೆಲ್ಲ ಗೊತ್ತು.

ಇದೇ ಕಪೂಚಿನೊ ದಂಪತಿ 1985ರಲ್ಲಿ 'ಚೈಲ್ಡ್ ಹೇವನ್' ಎಂಬ ಇನ್ನೊಂದು ಸಂಸ್ಥೆ ಕಟ್ಟಿದರು. ಭಾರತ, ನೇಪಾಳ, ಬಾಂಗ್ಲಾದೇಶಗಳಲ್ಲಿ ಮಕ್ಕಳಿಗೆ ಅವರವರ ನೆಲದಲ್ಲೇ ಆಸರೆ ಮನೆಗಳನ್ನು ನಡೆಸುವುದು ಅದರ ಕೆಲಸ. ಮಕ್ಕಳನ್ನು ತಮ್ಮ ದೇಶಕ್ಕೆ ಕರೆದೊಯ್ದವರೇ ಮುಂದೆ ಮಕ್ಕಳಿರುವಲ್ಲಿಗೆ ತಾವೇ ಹೋದರು. ಇದರಲ್ಲಿ ನಮಗೊಂದು ಪಾಠವಿದೆ.

ಇನ್ನು ನನ್ನ ಸರದಿ. ಇಷ್ಟೆಲ್ಲ ಓದಿಕೊಂಡ ನಾನು ಏನು ಮಾಡಿದೆ?

ನನ್ನ ತಂಗಿಗೆ ಮಕ್ಕಳಾಗಲಿಲ್ಲ. 2004ರಲ್ಲಿ ಅವಳೂ ಅವಳ ಯಜಮಾನರೂ ದತ್ತು ತೆಗೆದುಕೊಳ್ಳುವ ಯೋಚನೆ ಮಾಡಿ ಮೊದಲು ಬಂದದ್ದು ನನ್ನ ಹತ್ತಿರ. ಓದಿದ ಅಕ್ಕ, ಟೀಚರು, ಧೈರ್ಯ ಹೇಳುತ್ತಾಳೆ ಎಂದು. ನಾನು ಹೇಳಿದ್ದೇನು ಗೊತ್ತೇ? "ಯಾರದೋ ಯಾಕೆ ತರ್ತೀಯೇ, ನಮ್ಮವರಲ್ಲೇ ಯಾರದಾದ್ರೂ ನೋಡೋಣ." ಸಿಂಧನೂರಿನ ಅಜ್ಜಿಯ ಮಾತು ಕೇಳಿ ಕಣ್ಣೀರು ಹಾಕಿದ್ದ ಅದೇ ನಾನು! ಊಟದ ಪಂಕ್ತಿಯಲ್ಲಿ ಆ ಹಿರಿಯರು ಗಟ್ಟಿಯಾಗಿ ಹೇಳಿದ್ದನ್ನು ನಾನು ಹದಿನೈದು ವರ್ಷ ಮೊದಲೇ ಮೆಲ್ಲಗೆ ಹೇಳಿದ್ದೆ.

ತಂಗಿ ನನ್ನ ಮಾತು ಕೇಳಲಿಲ್ಲ. ಎಂಟು ತಿಂಗಳ ಕೂಸನ್ನು ಮಡಿಲಿಗೆ ಹಾಕಿಕೊಂಡು ಬಂದಳು. ನಡೆದದ್ದು 1956ರ ಹಿಂದೂ ದತ್ತಕ ಕಾಯಿದೆಯಂತೆ. ಆಗ ಅದರಲ್ಲಿ ದತ್ತು ತೆಗೆದುಕೊಳ್ಳುವವನು ಗಂಡ, ಹೆಂಡತಿಯದು ಬರೀ ಒಪ್ಪಿಗೆ. ರಾತ್ರಿ ನಿದ್ದೆಗೆಟ್ಟು ಸಾಕುವವಳು ಕಾಗದದ ಮೇಲೆ ಒಪ್ಪಿಗೆ ಕೊಟ್ಟವಳು ಮಾತ್ರ! 2010ರ ತಿದ್ದುಪಡಿಯ ನಂತರವೇ ಮದುವೆಯಾದ ಹೆಣ್ಣಿಗೆ ತಾನೇ ದತ್ತು ತೆಗೆದುಕೊಳ್ಳುವ ಹಕ್ಕು ಬಂದದ್ದು. ಕೂಸು ಬಂದ ಮೇಲೆ ಮನೆಮಂದಿಯೆಲ್ಲ ಸೇರಿ ಒಂದು ತೀರ್ಮಾನ ಮಾಡಿದೆವು: ಅವಳಿಗೆ ಹೇಳುವುದು ಬೇಡ. ನೊಂದುಕೊಳ್ಳುತ್ತಾಳೆ. ಆ ತೀರ್ಮಾನಕ್ಕೆ ನಾನೂ ತಲೆಯಾಡಿಸಿದೆ. ಅವಳು ನೊಂದುಕೊಳ್ಳಬಾರದೆಂದು ಅಲ್ಲ, ನಾವು ಮುಜುಗರ ಪಡಬಾರದೆಂದು ಎಂಬುದು ಈಗ ಅರ್ಥವಾಗುತ್ತದೆ.

ಮದುವೆ ಮನೆಯಿಂದ ಬಂದ ಮೇಲೆ ಹುಡುಗಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಅವಳು ನನಗೆ ಹೇಳಿದ್ದು: "ನಾನು ಅಮ್ಮನ ಹೊಟ್ಟೇಲಿ ಹುಟ್ಟಿಲ್ಲ ಅನ್ನೋದಕ್ಕೆ ಬೇಜಾರಿಲ್ಲ ದೊಡ್ಡಮ್ಮ. ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲವಲ್ಲ, ಅದಕ್ಕೆ." ಸಂತೈಸಲು ಹೋದ ನನ್ನ ಓರಗಿತ್ತಿ "ಅವರು ನಿನ್ನನ್ನು ಕರೆದುಕೊಂಡು ಬಂದಿದ್ದಕ್ಕೆ ಋಣಿಯಾಗಿರಬೇಕು ಕಣಮ್ಮ" ಎಂದಳು. ಹುಡುಗಿ ಕೇಳಿದಳು: "ನಿಮ್ಮ ಮಕ್ಕಳೂ ನಿಮಗೆ ಋಣಿಯಾಗಿದ್ದಾರಾ ಚಿಕ್ಕಮ್ಮ?" ಹೆತ್ತ ಮಕ್ಕಳಿಂದ ನಾವು ಎಂದೂ ಬಾಯಿಬಿಟ್ಟು ಕೇಳದ ಸಾಲವನ್ನು ತಂದ ಮಗುವಿನಿಂದ ದಿನವೂ ವಸೂಲಿ ಮಾಡಲು ಹೋಗುತ್ತೇವೆ. ಮಗು ಚೆನ್ನಾಗಿ ಓದಿದರೆ ಸಾಕಿದವರ ಪುಣ್ಯ, ಎದುರು ಮಾತಾಡಿದರೆ ಹೆತ್ತವರ ರಕ್ತ! ಇದು ಯಾವ ನ್ಯಾಯ?

ಗೆಳತಿಯರೇ, ಯುದ್ಧ ಬಹಳ ದೂರದ ಮಾತು ಎಂದು ತಿಳಿಯಬೇಡಿ. ಯುದ್ಧ ಮಗುವನ್ನು ತಾಯಿಯಿಂದ ಬೇರೆ ಮಾಡುತ್ತದೆ. ಬಡತನ, ಮಾನದ ಭಯ, ಮದುವೆಯಾಗದವಳು ಹೆತ್ತಳೆಂಬ ನಿಂದೆ ನಮ್ಮ ಊರುಗಳಲ್ಲಿ ದಿನವೂ ಅದೇ ಕೆಲಸ ಮಾಡುತ್ತವೆ, ಸದ್ದಿಲ್ಲದೆ. ಆಮೇಲೆ ಆ ಮಗುವಿಗೆ ನಾವು ಏನಾಗುತ್ತೇವೆ ಎಂಬುದೇ ಪ್ರಶ್ನೆ. ಕಾನೂನು ನಮಗಿಂತ ಮುಂದೆ ಹೋಗಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ದತ್ತು ಮಗುವಿಗೆ ಹೆತ್ತ ಮಗುವಿನ ಎಲ್ಲ ಹಕ್ಕೂ ಇದೆ, ಯಾವ ಧರ್ಮದವರೂ ಅದರಡಿ ದತ್ತು ತೆಗೆದುಕೊಳ್ಳಬಹುದು. ಹದಿನೆಂಟು ತುಂಬಿದ ಮೇಲೆ ತನ್ನ ಹುಟ್ಟಿನ ಮೂಲವನ್ನು ಕೇಳಿ ತಿಳಿಯಲು ಮಗುವೇ ಅರ್ಜಿ ಹಾಕಬಹುದು. ಹೆತ್ತವಳ ಗುಟ್ಟನ್ನೂ ಕಾಪಾಡುವ ನಿಯಮವಿದೆ. ಬಾಂಗ್ಲಾದೇಶ 2015ರಲ್ಲಿ ತನ್ನ ವೀರಾಂಗನೆಯರನ್ನು ಮುಕ್ತಿಯೋಧರ ಪಟ್ಟಿಗೆ ಸೇರಿಸತೊಡಗಿತು. 2022ರಲ್ಲಿ, ತಂದೆಯ ಹೆಸರಿಲ್ಲದಿದ್ದರೂ ಯುದ್ಧಶಿಶುಗಳಿಗೆ ಮಾನ್ಯತೆ ಕೊಡಬೇಕೆಂದು ಅಲ್ಲಿನ ಮುಕ್ತಿಯೋಧರ ಮಂಡಳಿ ನಿರ್ಧರಿಸಿತು. ಐವತ್ತು ವರ್ಷ ತಡವಾಗಿ. ನಾವು ಅಷ್ಟು ತಡಮಾಡುವುದು ಬೇಡ.

ನಾನು ಮಾಡಿದ್ದು ಸಣ್ಣದು. 'ನಿಮ್ಮ ವಂಶವೃಕ್ಷ ಬರೆದುಕೊಂಡು ಬನ್ನಿ' ಎಂದು ಇಪ್ಪತ್ತು ವರ್ಷ ಮನೆಗೆಲಸ ಕೊಡುತ್ತಿದ್ದೆ. ಈಗ 'ನಿಮ್ಮನ್ನು ಬೆಳೆಸಿದವರು ಯಾರ್ಯಾರು, ಬರೆಯಿರಿ' ಎನ್ನುತ್ತೇನೆ. ಅಜ್ಜಿ, ಸೋದರಮಾವ, ಹಾಸ್ಟೆಲಿನ ಅಡಿಗೆಯವರು, ಎಲ್ಲರೂ ಬರುತ್ತಾರೆ. 1971ರ ಪಾಠಕ್ಕೆ ಆ ಹದಿನೈದು ಕೂಸುಗಳ ಕಥೆಯನ್ನು ಸೇರಿಸಿ ಹೇಳುತ್ತೇನೆ. ಕಳೆದ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, "ಮಿಸ್, ಆ ಅಮ್ಮಂದಿರು ಏನಾದ್ರು?" ಎಂದು ಕೇಳಿದ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಅದು. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿಲ್ಲ.

ನೀವು ಮಾಡಬೇಕಾದ್ದೂ ದೊಡ್ಡದಲ್ಲ. ಮಗುವಿಗೆ ಮಾತು ಬಂದ ದಿನದಿಂದ ನಿಜ ಹೇಳಿ. ಹೆತ್ತವಳನ್ನು ಅವಳೆದುರು ಹಳಿಯಬೇಡಿ. ಪಂಕ್ತಿಯಲ್ಲಿ ಯಾರಾದರೂ ರಕ್ತದ ಮಾತೆತ್ತಿದರೆ ಅಲ್ಲೇ ಬಾಯಿ ಮುಚ್ಚಿಸಿ. ನಾನು ಆವತ್ತು ಮುಚ್ಚಿಸಲಿಲ್ಲ.

ನನ್ನ ತಂಗಿಯ ಮಗಳಿಗೆ ಈಗ ಇಪ್ಪತ್ತೊಂದು ದಾಟಿದೆ. ಅವಳ ಕಾಗದಪತ್ರಗಳೆಲ್ಲ ತಂಗಿಯ ಬೀರುವಿನಲ್ಲಿವೆ. ಹುಡುಕಲು ಹೊರಟರೆ ಜೊತೆಗೆ ಬರುತ್ತೇನೆ ಎಂದು ತಂಗಿ ಹೇಳಿದ್ದಾಳೆ. "ಸದ್ಯಕ್ಕೆ ಬೇಡ, ಬೇಕಾದಾಗ ನೋಡ್ತೀನಿ" ಎಂದಿದ್ದಾಳೆ ಹುಡುಗಿ. ಬೀರುವಿನ ಕೀಲಿಕೈಯನ್ನು ಮಾತ್ರ ಅಮ್ಮನಿಂದ ಇಸಿದುಕೊಂಡು ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ.